ಎಡವಮ್ಮ

“ಎಡವಮ್ಮ ಅಂದ್ರೆ ತಾವೇನಾ?”

ಗಾಜಿನ ಪೆಟ್ಟಿಗೆಯ ಸುತ್ತ ಜನ ನಿಲ್ಲಲು ಜಾಗ ಮಾಡಬೇಕೆಂದು ಸೋಫಾದ ಒಂದು ತುದಿಯನ್ನು ಮೈದುನ, ಇನ್ನೊಂದು ತುದಿಯನ್ನು ಆಕೆ ಹಿಡಿದು ಎತ್ತಿದ್ದರು. ಬೆಳಗಿನಿಂದ ಬಂದವರೆಲ್ಲ ‘ನೀವು ಸುಮ್ನೆ ಕೂತ್ಕೊಳ್ಳಿ’ ಎಂದೇ ಹೇಳುತ್ತಿದ್ದರು. ಗಂಡ ಸತ್ತ ದಿನ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ಅವರಲ್ಲಿ ಒಬ್ಬರಿಗಾದರೂ ಗೊತ್ತಿದ್ದಂತಿರಲಿಲ್ಲ. ಹಾಗಾಗಿ ಆಕೆ ಸೋಫಾ ಎತ್ತುತ್ತಿದ್ದಳು. ಆಗಲೇ ಬಾಗಿಲಲ್ಲಿ ನಿಂತ ಬೋಳುತಲೆಯ ಮನುಷ್ಯನೊಬ್ಬ, ಬಿಳಿ ಹೂವಿನ ಕಟ್ಟನ್ನು ಎದೆಗೆ ಒತ್ತಿಕೊಂಡು, ಭಕ್ತಿಯಿಂದಲೋ ಭಯದಿಂದಲೋ ಆಕೆಯನ್ನೇ ನೋಡುತ್ತ ಹಾಗೆ ಕೇಳಿದ್ದು. ಆಕೆ ಹಿಡಿದಿದ್ದ ತುದಿ ದೊಪ್ಪೆಂದು ನೆಲಕ್ಕೆ ಬಿತ್ತು.

“ಏನಂದ್ರಿ?”

“ಅಲ್ಲ... ನಮ್ಮ ಗುಂಪಲ್ಲಿ ನಿಮ್ಮನ್ನ ಹಾಗೆ... ಪ್ರೀತಿಗೆ ಅಂತ... ನಾನು ಅಲ್ಪವಿರಾಮ.”

“ಏನು ವಿರಾಮ?”

“ಅಡ್ಡಹೆಸರು ಅಮ್ಮ. ಬರೆಯೋವಾಗ ಕಂಡಕಂಡಲ್ಲಿ ಕಾಮಾ ಹಾಕ್ತೀನಿ ಅಂತ ನಿಮ್ಮ ಯಜಮಾನ್ರೇ ಇಟ್ಟಿದ್ದು. ಬ್ಯಾಂಕಲ್ಲಿ ಕ್ಯಾಷಿಯರ್ ನಾನು. ಇವರು ಮಾತ್ರೆ, ಔಷಧದ ಅಂಗಡಿ ಇದೆ ಇವರದು. ಯಜಮಾನ್ರ ಜೊತೆ ಸಹಾಯದ ಪುಟಗಳನ್ನ ಬರೀತಿದ್ದದ್ದು ನಾವೇ.”

ಅವನ ಬೆನ್ನ ಹಿಂದೆ ನಿಂತಿದ್ದ ಹೆಂಗಸು, ನಲವತ್ತು ದಾಟಿದವಳು, ಸುಮ್ಮನಿರಿ ಎಂಬಂತೆ ಅವನ ತೋಳು ಚಿವುಟಿದಳು. ಆದರೆ ಗಾಬರಿಯಾದ ಮನುಷ್ಯನ ಬಾಯಿಗೆ ಬೀಗ ಹಾಕಿದವರುಂಟೇ?

“ನಿಮ್ಮ ಪರದೆ ಕತೆ ನಮಗೆಲ್ಲ ಬಾಯಿಪಾಠ ಅಮ್ಮ,” ಎಂದ ಅವನು, ಒಳ್ಳೆಯ ಮಾತು ಹೇಳುತ್ತಿದ್ದೇನೆಂಬ ಧೈರ್ಯದಲ್ಲಿ. “ಹೊಸಬರು ಯಾರೇ ಗುಂಪಿಗೆ ಸೇರಲಿ, ಮೊದಲು ಅದನ್ನೇ ಹೇಳ್ತಿದ್ರು ಯಜಮಾನ್ರು.”

ಆಕೆಯ ಮುಖ ಸುಟ್ಟ ಹಾಗಾಯಿತು. ಪರದೆ ಕತೆ! ಮಗಳಿಗೂ ಗೊತ್ತಿಲ್ಲ ಅದು, ಒಡಹುಟ್ಟಿದ ಅಕ್ಕನಿಗೂ ಗೊತ್ತಿಲ್ಲ. ಕಂಡು ಕೇಳರಿಯದ ಈ ಬೋಳುತಲೆಗೆ ಗೊತ್ತು, ಅದೂ ಬಾಯಿಪಾಠ. ಆಕೆ ತಿರುಗಿ ಗಾಜಿನ ಪೆಟ್ಟಿಗೆಯ ಕಡೆ ನೋಡಿದಳು. ಬಾಡಿಗೆಗೆ ತಂದ ಆ ಪೆಟ್ಟಿಗೆ ಹಳೆಯ ಫ್ರಿಜ್ಜಿನ ಹಾಗೆ ಗುಂಯ್‌ಗುಡುತ್ತಿತ್ತು. ಒಳಗೆ ಯಜಮಾನರು ಏನೂ ಆಗಿಲ್ಲವೆಂಬಂತೆ ಮಲಗಿದ್ದರು. ಊರಿಗೆಲ್ಲ ಸಾರಿದಿರಾ, ನಿಮ್ಮ ಹೆಂಡತಿ ಬೆಪ್ಪುತಕ್ಕಡಿ ಅಂತ? ಹೆಸರು ಬೇರೆ ಇಟ್ಟಿರಾ?

“ಅತ್ತಿಗೆ, ಒಂಚೂರು ಕೂತ್ಕೊಳ್ಳಿ,” ಎಂದ ಮೈದುನ. ಬೇಕರಿ ನಡೆಸುವವನು, ಯಾರ ಮುಖ ಬಾಡಿದರೂ ತಿನ್ನಲು ಏನಾದರೂ ಕೊಡಬೇಕೆನ್ನುವ ಜಾತಿ. “ಒಂದು ಬನ್ನಾದ್ರೂ ತಿನ್ನಿ.”

“ನೀನೇ ತಿನ್ನಪ್ಪ,” ಎಂದು ಆಕೆ ಅಡುಗೆಮನೆಗೆ ನಡೆದುಬಿಟ್ಟಳು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಅನ್ನುವವರಿಗೇನು, ಸತ್ತವರ ಜೊತೆ ಸಂಸಾರ ಮಾಡಿದವರು ಅವರಲ್ಲವಲ್ಲ.

*

ಯಜಮಾನರು ಕೆಲಸ ಮಾಡಿದ್ದು ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯ ದೂರು ವಿಭಾಗದಲ್ಲಿ. ‘ಪಂಪಿನ ಜೊತೆ ಕೊಟ್ಟ ಚೀಟಿಯಲ್ಲಿ ಬರೆದ ಹಾಗೇ ಮಾಡಿದೆ, ಮೋಟಾರು ಸುಟ್ಟುಹೋಯ್ತು’ ಎಂದು ಫೋನಿನಲ್ಲಿ ಕೂಗುವವರಿಗೆ ಸಮಾಧಾನ ಹೇಳುವುದೇ ಅವರ ಉದ್ಯೋಗ. ಸಂಜೆ ಮನೆಗೆ ಬಂದರೆ ಬೈದವರನ್ನು ಬಿಟ್ಟು ಚೀಟಿ ಬರೆದವರನ್ನು ಬೈಯುತ್ತಿದ್ದರು.

ನಿವೃತ್ತರಾದ ಮೇಲೆ ಯಾರೋ ಕೊಟ್ಟ ಹಳೇ ಕಂಪ್ಯೂಟರೊಂದು ಮನೆಗೆ ಬಂತು. ಅದರಲ್ಲಿ ಹಾಕಿದ್ದ ಸಿಸ್ಟಮ್‌ಗೆ ಕಂಪನಿಯೂ ಇಲ್ಲ, ಮಾಲೀಕನೂ ಇಲ್ಲವಂತೆ. ಎಲ್ಲೆಲ್ಲಿಯದೋ ಜನ ಸೇರಿ ಕಟ್ಟಿ, ಬೇಕಾದವರು ಹಾಕಿಕೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಎಂದು ಪುಕ್ಕಟೆಯಾಗಿ ಬಿಟ್ಟಿದ್ದಾರಂತೆ. ಅದನ್ನು ಬಳಸುವುದು ಹೇಗೆಂದು ತಿಳಿಸುವ ಸಹಾಯದ ಪುಟಗಳನ್ನು ನಮ್ಮ ಭಾಷೆಯಲ್ಲಿ ಬರೆಯುವ ಒಂದು ಗುಂಪೂ ಇತ್ತು. ತಂತಮ್ಮ ಮನೆಯಲ್ಲಿ ಕೂತು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ, ತಿದ್ದಿದ್ದಕ್ಕೆ ಜಗಳವಾಡಿ, ಮತ್ತೆ ಬರೆಯುವ ಏಳೆಂಟು ಜನ. ಯಜಮಾನರು ಆ ಪುಟಗಳನ್ನು ಓದಿದರು, ‘ಅಯ್ಯೋ ಶಿವನೇ, ಇಲ್ಲೂ ಅದೇ ಚೀಟಿ’ ಎಂದರು, ಮಾರನೆಯ ದಿನದಿಂದ ಆ ಗುಂಪಿನವರೇ ಆದರು.

ಆಕೆಯನ್ನು ಅದಕ್ಕೆ ಎಳೆದದ್ದು ಹೇಗೆಂದರೆ, ಒಂದು ಸಂಜೆ ಆಕೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮನೆಮನೆಗೆ ಕಿಟಕಿಯ ಪರದೆ ಹೊಲಿದುಕೊಡುವುದು ಆಕೆಯ ಕಸುಬು. ಯಜಮಾನರು ಒಂದು ಹಾಳೆ ಹಿಡಿದುಕೊಂಡು ಬಂದರು.

“ಒಂದು ನಿಮಿಷ ಬಾ. ಕಂಪ್ಯೂಟರ್ ಮುಂದೆ ಕೂತು ಈ ಹಾಳೇಲಿ ಏನಿದೆಯೋ ಹಾಗೇ ಮಾಡು. ನಾನು ಬಾಯಿ ಬಿಡಲ್ಲ.”

“ನನಗೆ ಅದೆಲ್ಲ ಎಲ್ಲಿ ಬರುತ್ತೆ?”

“ಬರದೇ ಇರೋದಕ್ಕೇ ಕರೀತಿರೋದು.”

ನೋಡಿ, ಮೊದಲ ಮಾತೇ ಹೀಗೆ. ಆಕೆ ಕೂತಳು. ಹಾಳೆಯ ಮೊದಲ ಸಾಲಿನಲ್ಲಿ ‘ಪರದೆಯ ಎಡ ಮೂಲೆಗೆ ಹೋಗಿ’ ಎಂದಿತ್ತು. ಆಕೆ ಎದ್ದು ಕಿಟಕಿಯ ಹತ್ತಿರ ಹೋದಳು. ಪರದೆಯ ಎಡ ಮೂಲೆ ಹಿಡಿದುಕೊಂಡು, “ಇಲ್ಲೇನಿದೆ? ಹೊಲಿಗೆ ಬಿಟ್ಟಿದೆಯಾ?” ಎಂದಳು.

ಯಜಮಾನರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ನಗುತ್ತಲೇ ಕಂಪ್ಯೂಟರಿನ ಮುಂದೆ ಕೂತು ಟಪಟಪನೆ ಏನೋ ಬರೆದರು. ಏನು ಬರೆದರೆಂದು ಆಕೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದಿನಿಂದ ಅದೇ ಅಭ್ಯಾಸವಾಯಿತು. ಹಾಳೆ ಬರುವುದು, ಆಕೆ ಕೂರುವುದು, ಅವರು ಹಿಂದೆ ಸ್ಟೂಲಿನ ಮೇಲೆ ಮೂಕನ ಹಾಗೆ ಕೂರುವುದು. ‘ಗೊತ್ತಾಗಲಿಲ್ಲ’ ಎಂದು ಆಕೆ ಹೇಳಿದ ಕೂಡಲೇ ಅವರು ಹಾಳೆಯ ಮೇಲೆ ಗೀಟು ಹಾಕುವುದು. ಗೀಟು ಬಿದ್ದಷ್ಟೂ ಅವರ ಮುಖ ಅರಳುತ್ತಿತ್ತು. ಒಂದು ಪುಟ ‘ಕಂಪ್ಯೂಟರನ್ನು ಆರಿಸಿ ಮತ್ತೆ ಶುರುಮಾಡಿ’ ಎಂದು ಹೇಳಿ, ಅದರ ಕೆಳಗಿನ ಸಾಲಿನಲ್ಲಿ ‘ಅದಕ್ಕೂ ಮೊದಲು ಬರೆದದ್ದನ್ನು ಉಳಿಸಿಕೊಳ್ಳಿ’ ಎಂದಿತ್ತು. ಆಕೆ ಹೇಳಿದ ಹಾಗೆ ಮಾಡುವವಳು. ಆರಿಸಿಬಿಟ್ಟಳು. ಅಕ್ಕನಿಗೆಂದು ಎರಡು ಸಂಜೆ ಒಂದೊಂದೇ ಅಕ್ಷರ ಹುಡುಕಿ ಬರೆದಿದ್ದ ಪತ್ರ ಹೋಯಿತು.

“ಭೇಷ್!” ಎಂದು ಯಜಮಾನರು ಸ್ಟೂಲಿನಿಂದ ಎದ್ದೇಬಿಟ್ಟರು.

ಹೆಂಡತಿಯ ಪತ್ರ ಹೋದರೆ ಭೇಷ್ ಎನ್ನುವ ಗಂಡ! ಆಕೆ ಎರಡು ದಿನ ಮಾತು ಬಿಟ್ಟಳು. ಆಮೇಲೆ ಮನಸ್ಸಿನಲ್ಲೇ ನಿಶ್ಚಯ ಮಾಡಿದಳು: ಇನ್ನು ಈ ಜನ್ಮದಲ್ಲಿ ಗೊತ್ತಾಗಲಿಲ್ಲ ಅನ್ನುವುದಿಲ್ಲ. ಹಾಳೆ ಬಂದರೆ ಕೂರುತ್ತಿದ್ದಳು. ಗೊತ್ತಾದರೂ ‘ಹೂಂ’, ಗೊತ್ತಾಗದಿದ್ದರೂ ‘ಹೂಂ’. ಯಜಮಾನರು ಆಕೆಯ ಮುಖವನ್ನೇ ಒಂದಷ್ಟು ಹೊತ್ತು ನೋಡಿ, ಏನೂ ಹೇಳದೆ ಹಾಳೆ ಎತ್ತಿಕೊಂಡು ಹೋಗುತ್ತಿದ್ದರು. ಸಾಯುವ ತನಕ ಹಾಗೇ ನಡೆಯಿತು.

*

“ಲೋಟ ನಾನು ತೊಳೀತೀನಿ, ಬಿಡಿ ಅಮ್ಮ.”

ಔಷಧದಂಗಡಿಯವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೇಡವೆನ್ನುವ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಯ ಮುಂದೆ ನಿಂತಳು. ಆಕೆ ಬಟ್ಟೆ ಹಿಡಿದು ತೊಳೆದ ಲೋಟ ಒರೆಸತೊಡಗಿದಳು. ನಾಲ್ಕೈದು ಲೋಟ ಮುಗಿದವು.

“ಅವರು ಕೆಟ್ಟವರಲ್ಲ,” ಎಂದಳು ಮಾತ್ರೆ ಕೊನೆಗೆ. “ಅಲ್ಪವಿರಾಮ. ಬಾಯಿಬಡುಕ ಅಷ್ಟೇ. ಬಸ್ಸಲ್ಲಿ ಬರೋವಾಗ ದಾರಿ ಪೂರ್ತಿ ಅತ್ರು.”

“ಹೆಸರು ಅವನೇ ಇಟ್ಟಿದ್ದಾ, ಇವರಾ?”

“ಅಲ್ಪವಿರಾಮ ಅವರೇ. ಯಜಮಾನ್ರಿಗೆ ಆ ಹೆಸರು ಕಂಡ್ರೆ ಆಗ್ತಿರ್ಲಿಲ್ಲ.”

“ಸುಮ್ನೆ ನನಗೆ ಸಮಾಧಾನಕ್ಕೆ ಹೇಳ್ಬೇಡ. ಪರದೆ ಕತೆ ಊರಿಗೆಲ್ಲ ಹೇಳಿದ್ದಾರಲ್ಲ. ನಾನು ಎಡವಿದೆ ಅಂತ ಬರೆದು ಬರೆದು ಕಳಿಸಿದ್ದಾರಲ್ಲ. ನಾನೇನು ಅಷ್ಟು ಪೆದ್ದಿನಾ? ಗಜಗಟ್ಟಲೆ ಬಟ್ಟೆ ಒಂದಿಂಚು ಹಾಳುಮಾಡದೆ ಕತ್ತರಿಸ್ತೀನಿ ನಾನು!” ಕೈಯಲ್ಲಿದ್ದ ಲೋಟವನ್ನು ಆಕೆ ಕುಕ್ಕಿದಳು. ಬೆಳಗಿನಿಂದ ಬಾರದ ಅಳು ಈಗ, ಈ ಗುರುತಿಲ್ಲದವಳ ಮುಂದೆ, ಸಿಟ್ಟಿನ ಬೆನ್ನು ಹತ್ತಿ ಬಂದೇಬಿಟ್ಟಿತು.

ಮಾತ್ರೆ ನಲ್ಲಿ ನಿಲ್ಲಿಸಿದಳು. “ನೀವು ಎಡವಿದಿರಿ ಅಂತ ಅವರು ಒಂದು ಸಲಾನೂ ಬರೆದಿಲ್ಲ ಅಮ್ಮ.”

“ಮತ್ತೇನು ಬರೆದಿದ್ದಾರೆ?”

“ಎಡವಿತು ಅಂತ. ಯಾವಾಗಲೂ ಅದೊಂದೇ ಮಾತು. ‘ಮೂರನೇ ಸಾಲು, ಎಡವಿತು. ಐದನೇ ಸಾಲು, ಎಡವಿತು.’ ಅಲ್ಪವಿರಾಮ ಹೊಸದಾಗಿ ಸೇರಿದಾಗ ಪಾಪ, ಅದನ್ನ ತಪ್ಪು ಅಂದ್ಕೊಂಡು ‘ಎಡವಿದಳು’ ಅಂತ ತಿದ್ದಿದ್ರು. ಯಜಮಾನ್ರಿಗೆ ಬಂತು ನೋಡಿ ಸಿಟ್ಟು! ‘ಎಡವಿದ್ದು ಪುಟ ಕಣಯ್ಯಾ. ಅವಳ ಕಾಲು ನೆಟ್ಟಗಿದೆ’ ಅಂತ ಬರೆದು, ಒಂದು ತಿಂಗಳು ಅವರ ಜೊತೆ ಮಾತು ಬಿಟ್ರು. ಎಡವಮ್ಮ ಅನ್ನೋ ಹೆಸರು ಹುಟ್ಟಿದ್ದೇ ಆ ಜಗಳದಲ್ಲಿ.”

ಆಕೆ ಕಣ್ಣೊರೆಸಿಕೊಳ್ಳುವುದನ್ನು ಮರೆತು ನೋಡಿದಳು.

“ಪರದೆ ಕತೇನೂ ಹಾಗೇ. ನಿಮ್ಮನ್ನ ನೋಡಿ ನಗೋಕಲ್ಲ. ನಾವು ಓದಿ ಓದಿ ಕುರುಡಾಗಿಬಿಟ್ಟಿದ್ವಿ ಅಮ್ಮ. ಪರದೆ ಅಂದ್ರೆ ಮನೇಲಿ ಇನ್ನೊಂದು ಪರದೆ ಇರುತ್ತೆ ಅಂತ ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲ. ಈಗ ಪುಟದಲ್ಲಿ ‘ಕಂಪ್ಯೂಟರ್ ಪರದೆ’ ಅಂತಿದೆ. ಗೊತ್ತಾಗದೇ ಇದ್ರೆ ಗೊತ್ತಾಗ್ಲಿಲ್ಲ ಅಂತ ಬಾಯಿಬಿಟ್ಟು ಹೇಳೋರು ಸಿಗಲ್ಲ, ನಮ್ಮನೇಲಿ ಒಬ್ಬಳು ಇದ್ದಾಳೆ, ಅಂತಿದ್ರು. ನೀವು ನೋಡದ ಹೊರತು ಒಂದು ಪುಟಾನೂ ಹೊರಗೆ ಬಿಡ್ತಿರ್ಲಿಲ್ಲ. ನಮ್ಮಮ್ಮ ಈಗ ಅದನ್ನ ನೋಡ್ಕೊಂಡೇ ನನಗೆ ಪತ್ರ ಬರೀತಾರೆ, ನನ್ನ ಏನೂ ಕೇಳಲ್ಲ.”

ಆಕೆ ಮೊಳೆಗೆ ಬಟ್ಟೆ ತೂಗುಹಾಕಿದಳು. ಅದು ಬಿತ್ತು. ಮತ್ತೆ ತೂಗುಹಾಕಿದಳು.

“ಈಚೆಗೆ ನಾನು ಎಲ್ಲದಕ್ಕೂ ಹೂಂ ಅಂತಿದ್ದೆ,” ಎಂದಳು ಮೆಲ್ಲಗೆ. “ಗೊತ್ತಾಗದೇ ಇದ್ರೂ.”

ಮಾತ್ರೆಗೆ ಆ ಹೊತ್ತಿನಲ್ಲೂ ನಗು ಬಂತು. “ಗೊತ್ತಿತ್ತು ಅವರಿಗೆ. ‘ಬಾಯಲ್ಲಿ ಹೇಳೋದು ಬಿಟ್ಟಿದ್ದಾಳೆ. ಏನು ಮಾಡಿದೆನೋ, ಕೇಳಿದ್ರೆ ಇನ್ನೂ ಮುನಿಸ್ಕೊಳ್ತಾಳೆ. ಪುಣ್ಯಕ್ಕೆ ಹುಬ್ಬು ಇನ್ನೂ ಹೇಳುತ್ತೆ’ ಅಂತ ಬರೆದಿದ್ರು. ನಿಮ್ಮ ಹುಬ್ಬು ಗಂಟಾದ ಸಾಲನ್ನೆಲ್ಲ ಮತ್ತೆ ಬರೀತಿದ್ರು.”

ಆಕೆಯ ಕೈ ತಾನಾಗಿ ಹುಬ್ಬಿಗೆ ಹೋಯಿತು. ಎಷ್ಟೋ ಸಂಜೆ ಅವರು ಮುಖವನ್ನೇ ನೋಡುತ್ತ ಕೂತಾಗ, ನನ್ನ ದಡ್ಡತನವನ್ನು ಅಳೆಯುತ್ತಿದ್ದಾರೆ ಎಂದು ಉರಿದುಕೊಂಡದ್ದು ನೆನಪಾಯಿತು. ಒಂದು ಸಲ ‘ಏನು ಹಾಗೆ ನೋಡೋದು, ಮುಖಕ್ಕೆ ಮಸಿ ಮೆತ್ತಿದೆಯಾ?’ ಎಂದು ರೇಗಿದ್ದಳು ಕೂಡ. ‘ಏನಿಲ್ಲ’ ಎಂದು ಅವರು ಎದ್ದುಹೋಗಿದ್ದರು.

“ಅಲ್ಲ ಕಣಮ್ಮ, ನಿಮಗೆಲ್ಲ ಹೇಳಿದ್ದನ್ನ ನನಗೆ ಒಂದು ಸಲ ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು?” ಎಂದಳು ಆಕೆ. “ಲೋಕಕ್ಕೆಲ್ಲ ಬಿಡಿಸಿ ಬಿಡಿಸಿ ಬರೆಯೋ ಮನುಷ್ಯ!”

ಮಾತ್ರೆ ಒದ್ದೆ ಕೈಯಲ್ಲೇ ಆಕೆಯ ಭುಜ ಹಿಡಿದುಕೊಂಡು ನಿಂತಳು. ಅಷ್ಟರಲ್ಲಿ ಮಗಳು ಬಂದು, “ಅಮ್ಮ, ಗಾಡಿ ಬಂತು,” ಎಂದಳು.

*

ವಿದ್ಯುತ್ ಚಿತಾಗಾರದಲ್ಲಿ ಸರದಿ ಇತ್ತು. ಹೊರಗೆ ಸಿಮೆಂಟಿನ ಬೆಂಚುಗಳು, ಒಳಗೆ ಬಿಳಿ ಟೈಲ್ಸಿನ ಗೋಡೆ, ಗೋಡೆಯಲ್ಲಿ ಎರಡು ಒಲೆಗಳ ಎರಡು ಕಬ್ಬಿಣದ ಬಾಗಿಲು. ಒಂದು ಬಾಗಿಲಿನ ಮುಂದೆ ಹಳಿಯ ಮೇಲೆ ತಳ್ಳುಗಾಡಿ, ಅದರ ಮೇಲೆ ಯಜಮಾನರು. ಪಕ್ಕದ ಗೋಡೆಯಲ್ಲಿ ಪುಟ್ಟ ಕೆಂಪು ದೀಪ, ಅದರ ಕೆಳಗೆ ಸಾಲಾಗಿ ಗುಂಡಿಗಳು.

ನೀಲಿ ಅಂಗಿಯ ಆಪರೇಟರ್ ಬಂದ. ಒಳ್ಳೆಯ ಮನುಷ್ಯನ ಹಾಗೇ ಕಂಡ. ಆದರೆ ದಿನಾ ಅದೇ ಮಾತನ್ನು ಹೇಳಿ ಹೇಳಿ ಅವನ ಬಾಯಲ್ಲಿ ಅದು ಸವೆದುಹೋಗಿತ್ತು.

“ಮನೆಯವರು ಯಾರಾದ್ರೂ ಒಬ್ಬರು ಬನ್ನಿ. ನೋಡಿ, ಅದು ಪೂರ್ತಿ ಒಳಗೆ ಹೋಗುತ್ತೆ, ಹೋದ್ಮೇಲೆ ಅದು ಹತ್ತುತ್ತೆ, ಹತ್ತಿದ ತಕ್ಷಣ ಅದನ್ನ ಒತ್ತಿ. ಆಯ್ತಾ?”

“ಆಯ್ತು,” ಎಂದಳು ಮಗಳು. ಮೈದುನ ಕೋಲೆಬಸವನ ಹಾಗೆ ತಲೆಯಾಡಿಸಿದ. ಅಲ್ಪವಿರಾಮ ತಲೆಯಾಡಿಸಿದ. ಸುತ್ತ ನಿಂತ ನೆಂಟರು, ನೆರೆಯವರು, ಪಂಪು ಕಾರ್ಖಾನೆಯ ಹಳೆಯ ಗೆಳೆಯರು ಎಲ್ಲರೂ ತಲೆಯಾಡಿಸಿದರು. ಸಾವಿನ ಮುಂದೆ ನಿಂತು ಯಾರು ತಾನೇ ಪ್ರಶ್ನೆ ಕೇಳುತ್ತಾರೆ? ಬೇಗ ಮುಗಿದರೆ ಸಾಕು ಎಂದು ಎಲ್ಲರಿಗೂ ಅನಿಸುತ್ತಿತ್ತು. ಆಪರೇಟರ್ ಗಾಡಿಯ ಹಿಡಿಗೆ ಕೈ ಹಾಕಿದ.

“ತಡೀರಿ,” ಎಂದಳು ಆಕೆ.

ಎಲ್ಲರೂ ತಿರುಗಿದರು. ಆಕೆ ಗಾಡಿಯ ಹತ್ತಿರ ಬಂದಳು. ಎಷ್ಟು ದಿನವಾಗಿತ್ತು ಮುಂದಿನ ಮಾತನ್ನು ಆಡಿ!

“ನನಗೆ ಗೊತ್ತಾಗ್ಲಿಲ್ಲ.”

“ಅಮ್ಮಾ,” ಎಂದು ಮಗಳು ಪಿಸುಗುಟ್ಟಿ ಕೈ ಹಿಡಿದಳು. “ನಾನು ನೋಡ್ಕೊಳ್ತೀನಿ, ನೀನು ಬಾ.”

“ನಿನಗೆ ಗೊತ್ತಾಯ್ತಾ? ನಿಜ ಹೇಳು.”

ಮಗಳು ಬಾಯಿ ತೆರೆದಳು, ಮುಚ್ಚಿದಳು. ತಲೆ ತಗ್ಗಿಸಿ, “ಇಲ್ಲ,” ಎಂದಳು.

“ಮೂರು ಸಲ ಅದು ಅಂದ್ರಿ,” ಎಂದಳು ಆಕೆ ಆಪರೇಟರನ ಕಡೆ ತಿರುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. “ಯಾವ ಅದು ಯಾವುದು, ಬಿಡಿಸಿ ಹೇಳಿ. ತಪ್ಪು ಒತ್ತಿಬಿಟ್ರೆ ಆಮೇಲೆ ತಿದ್ದೋಕೆ ಬರೋ ಕೆಲಸ ಅಲ್ಲ ಇದು.”

ಆಪರೇಟರ್ ಗಲಿಬಿಲಿಗೊಂಡ. ಯಾರೂ ಕೇಳಿದವರಿಲ್ಲ ಹೀಗೆ. ಹಿಡಿಯಿಂದ ಕೈ ತೆಗೆದು, ತನ್ನ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಂಡವನ ಹಾಗೆ ನಿಂತ.

“ಮೂರನೇದು ಈ ಹಸಿರು ಗುಂಡಿ,” ಎಂದ. “ಎರಡನೇದು ಮೇಲಿರೋ ಕೆಂಪು ದೀಪ. ಮೊದಲನೇದು...” ಗಾಡಿಯ ಕಡೆ ನೋಡಿದ. ಅವನ ದನಿ ತಗ್ಗಿತು. “ಮೊದಲನೇದು ಇವರು. ನಿಮ್ಮ...”

“ಯಜಮಾನ್ರು.”

“ನಿಮ್ಮ ಯಜಮಾನ್ರು. ತಪ್ಪು ತಿಳ್ಕೋಬೇಡಿ ಅಮ್ಮ, ಬಾಯಿ ರೂಢಿ.”

“ತಪ್ಪೇನಿಲ್ಲ. ಈಗ ಇನ್ನೊಂದು ಸಲ ಮೊದಲಿಂದ ಹೇಳಿ.”

ಅವನು ಹೇಳಿದ. ಒಂದೊಂದೇ ಮಾತು, ಒಂದರ ಹಿಂದೆ ಒಂದು, ಬೆರಳಿಟ್ಟು ತೋರಿಸುತ್ತ. ಅಲ್ಲಿಯವರೆಗೆ ಹಿಂದೆ ಹಿಂದೆ ಸರಿಯುತ್ತಿದ್ದ ಜನ ಕೇಳಿಸಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದರು. ಮೈದುನ ತಲೆಯಾಡಿಸಲಿಲ್ಲ. ಕೆಂಪು ದೀಪವನ್ನು ಹುಡುಕಿ ನೋಡಿದ, ಆಮೇಲೆ ಹಸಿರು ಗುಂಡಿಯನ್ನು ನೋಡಿದ. ಮಾತ್ರೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಲ್ಪವಿರಾಮ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ಈಗ ಗೊತ್ತಾಯ್ತು,” ಎಂದಳು ಆಕೆ. “ನಾನೇ ಒತ್ತುತ್ತೀನಿ.”

ಮಗಳು ಪಕ್ಕಕ್ಕೆ ಸರಿದಳು. ಕಬ್ಬಿಣದ ಬಾಗಿಲು ಮೇಲೇರಿತು. ಗಾಡಿ ಹಳಿಯ ಮೇಲೆ ಕಿರುಗುಟ್ಟುತ್ತ ಒಳಗೆ ಹೋಯಿತು. ಆಕೆ ಕಣ್ಣು ಮಿಟುಕಿಸದೆ ನೋಡಿದಳು. ಹೋಗಿ, ನಾನು ನೋಡ್ತಾ ಇದ್ದೀನಿ ಎಂದಳು ಮನಸ್ಸಿನಲ್ಲೇ. ದೀಪ ಹತ್ತಿತು. ಆಕೆ ಹಸಿರು ಗುಂಡಿ ಒತ್ತಿದಳು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಮಗಳು ಒಂದು ಕಡೆ, ಮಾತ್ರೆ ಒಂದು ಕಡೆ ಹಿಡಿದುಕೊಂಡು ಆಕೆಯನ್ನು ಬೆಂಚಿನ ಮೇಲೆ ಕೂರಿಸಿದರು. ಮೈದುನ ನೀರು ತರಲು ಓಡಿದ. ಅಷ್ಟರಲ್ಲಿ ಸರದಿಯಲ್ಲಿದ್ದ ಮುಂದಿನ ಗಾಡಿ ಬಂದು ನಿಂತಿತು. ಅದರಿಂದ ಇಳಿದವರು ಅಣ್ಣ, ತಮ್ಮ, ತಂಗಿ ಇರಬೇಕು, ಮೂವರಿಗೂ ಒಂದೇ ಮೂಗು. ಅವರು ಒಬ್ಬರಿಗೊಬ್ಬರು ಅಂಟಿಕೊಂಡು ಒಳಗೆ ಹೋದರು. ಹೊರಬಾಗಿಲು ತೆರೆದೇ ಇತ್ತು. ಒಳಗಿಂದ ಆಪರೇಟರನ ದನಿ ಕೇಳಿಸಿತು.

“ಮನೆಯವರು ಒಬ್ಬರು ಬನ್ನಿ. ನೋಡಿ, ಅದು...”

ದನಿ ತಡೆಯಿತು. ಬೆಂಚಿನ ಮೇಲೆ ಆಕೆ ತಲೆ ಎತ್ತಿದಳು.

“ಇವರು ಯಾರಾಗ್ಬೇಕು ನಿಮಗೆ?”

“ನಮ್ಮಮ್ಮ,” ಎಂದಿತು ಒಂದು ಹೆಣ್ಣುದನಿ.

“ನಿಮ್ಮಮ್ಮ ಪೂರ್ತಿ ಒಳಗೆ ಹೋಗ್ತಾರೆ. ಆಮೇಲೆ ಇಲ್ಲಿ ಕೆಂಪು ದೀಪ ಹತ್ತುತ್ತೆ. ಹತ್ತಿದ ಮೇಲೆ ಈ ಹಸಿರು ಗುಂಡಿ ಒತ್ತಿ. ಗೊತ್ತಾಗದೇ ಇದ್ರೆ ಕೇಳಿ, ಇನ್ನೊಂದು ಸಲ ಹೇಳ್ತೀನಿ.”